ಕೈ ನೋಡುತ್ತಿದ್ದವರು

ಅವರು ನನ್ನನ್ನು ಪೂರ್ತಿ ನಂಬಿದ್ದರು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ನಾನು ಅವರನ್ನು ನಂಬುವುದಕ್ಕೆ ಒಂದು ವರ್ಷ ಹಿಡಿಯಿತು, ಅದೂ ಮುಕ್ಕಾಲು ಪಾಲು. ಹೋದ ತಿಂಗಳು ಒಂದು ಬೆಳಿಗ್ಗೆ, ಮಾಕಳಿಯ ತಮ್ಮ ಮನೆಯಲ್ಲಿ ಅವರು ತೀರಿಕೊಂಡರೆಂದು ಫೋನ್ ಬಂದಾಗ ನಾನು ಅಳಲಿಲ್ಲ. "ಯಾರು ಮಾತಾಡ್ತಿರೋದು? ಡಾಕ್ಟರು ಬಂದು ನೋಡಿದ್ರಾ?" ಎಂದು ಎರಡೆರಡು ಸಲ ಕೇಳಿದೆ. ಫೋನ್ ಮಾಡಿದ್ದು ಅವರ ಮಗ. ಪಾಪ, ತಾಳ್ಮೆಯಿಂದ ಉತ್ತರ ಕೊಟ್ಟ. ಅವನ ಅಪ್ಪನ ಜೊತೆ ನಾಲ್ಕು ವರ್ಷ ಕೆಲಸ ಮಾಡಿದವರಿಗೆ ಹೀಗೆ ಕೇಳುವುದು ಅಭ್ಯಾಸವಾಗಿಬಿಟ್ಟಿರುತ್ತದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಮುಂದೆ ಹೇಳಬೇಕಾದ ಒಂದು ಸಂಗತಿ ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಸತ್ತವರ ಹೆಸರಿಗೆ ಅಂಟಿಸಬಾರದು. ಕೆಲಸದವರೆಲ್ಲ ಅವರನ್ನು ಅಣ್ಣ ಎಂದು ಕರೆಯುತ್ತಿದ್ದೆವು, ನಾನೂ ಹಾಗೇ ಬರೆಯುತ್ತೇನೆ.

ನಾನು ನರ್ಸ್. ವಿದ್ಯಾರಣ್ಯಪುರದ ಒಂದು ವೃದ್ಧಾಶ್ರಮವನ್ನು ಎಂಟು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಎರಡು ಅಂತಸ್ತಿನ ಮನೆ, ಇಪ್ಪತ್ತೆರಡು ಜನ ಹಿರಿಯರು, ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಮರೆವಿನ ಕಾಯಿಲೆ. ಗೇಟಿಗೆ ಹಗಲು ಹೊತ್ತಿನ ಸೆಕ್ಯುರಿಟಿ ಬೇಕಾಗಿದೆ ಎಂದು ಬೋರ್ಡ್ ಹಾಕಿದ್ದೆವು. ಅದನ್ನು ನೋಡಿ ಬಂದವರು ಅಣ್ಣ. ಕುಳ್ಳಗೆ, ಅಗಲ ಭುಜ, ಇಸ್ತ್ರಿ ಮಾಡಿದ ತಿಳಿನೀಲಿ ಶರ್ಟು. ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟು ಒಳಗೆ ಬಂದರು. ಮುಖ ನೋಡಿ ನಮಸ್ಕಾರ ಮಾಡಿದವರು ಆಮೇಲೆ ಮಾತಾಡಿದಷ್ಟು ಹೊತ್ತೂ ನನ್ನ ಕೈಗಳನ್ನೇ ನೋಡುತ್ತಿದ್ದರು. ನನಗೆ ಇರಿಸುಮುರಿಸಾಗಿ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡೆ.

"ಮೊದಲು ಎಲ್ಲಿದ್ರಿ?" ಎಂದೆ.

"ಸೆಕ್ಯುರಿಟೀನೇ ಮೇಡಂ, ಜಾಲಹಳ್ಳಿ ಕಡೆ. ರಿಟೈರಾಗಿ ಮೂರು ವರ್ಷ ಆತು." ಅಷ್ಟು ಹೇಳಿ ಅವರೇ ಒಂದು ಪ್ರಶ್ನೆ ಕೇಳಿದರು. "ಇಲ್ಲಿ ಒಡೆದಾಟ ಯಾವ ಒತ್ತಲ್ಲಿ ಆಗ್ತದೆ?"

"ಹೊಡೆದಾಟನಾ? ಇದು ವೃದ್ಧಾಶ್ರಮ ಕಣ್ರೀ. ಎಲ್ಲಾ ವಯಸ್ಸಾದೋರು."

"ಅದಕ್ಕೇ ಕೇಳ್ದೆ. ಆ ಕುರ್ಚಿ ಕೈ ಮುರಿದೈತೆ. ಆ ಅಜ್ಜಿ ಮಣಿಕಟ್ಟಿಗೆ ಪಟ್ಟಿ ಐತೆ. ಟೀವಿ ಮುಂದೆ ಆ ಇಬ್ರ ಮಧ್ಯೆ ಎರಡು ಕುರ್ಚಿ ಖಾಲಿ ಬಿಟ್ಟವ್ರೆ. ಸುಮ್‌ಸುಮ್ನೆ ಯಾರೂ ಅಂಗೆ ಕೂರಲ್ಲ."

ನಾನು ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು ಎಂದೆ. ಅದು ಸುಳ್ಳು. ಒಂದು ಶಾಲಿನ ವಿಷಯಕ್ಕೆ ಇನ್ನೊಬ್ಬ ಅಜ್ಜಿ ಅವರ ಕೈ ತಿರುಚಿ ತಳ್ಳಿದ್ದರು. ಆ ಬೇಸಿಗೆಯಲ್ಲಿ ಅಂಥದ್ದು ಮೂರು ಸಲ ನಡೆದಿತ್ತು. ಮನೆಯವರಿಗೆ ಹೇಳಿದರೆ ಕರೆದುಕೊಂಡು ಹೋಗಿಬಿಡುತ್ತಾರೆ, "ಬಿದ್ರು ಅಂತ ಬರೀರಿ" ಎಂದು ಆಶ್ರಮದ ಮಾಲೀಕರು ಹೇಳಿದ್ದರು. ನಾನು ವರದಿ ಪುಸ್ತಕದಲ್ಲಿ ಹಾಗೇ ಬರೆದಿದ್ದೆ, ಅಜ್ಜಿಯ ಮಗನಿಗೂ ಹಾಗೇ ಹೇಳಿದ್ದೆ. ಅಣ್ಣ ತಲೆ ಆಡಿಸಿ ಮತ್ತೆ ಅಜ್ಜಿಯ ಪಟ್ಟಿಯ ಕಡೆ ನೋಡಿದರು. ನನ್ನ ಮಾತನ್ನು ಅವರು ನಂಬಲಿಲ್ಲ ಎಂದು ಆಗಲೇ ಗೊತ್ತಾಯಿತು. ಹೀಗೆ ನಮ್ಮ ಪರಿಚಯ ಸುಳ್ಳಿನಿಂದ ಶುರುವಾದದ್ದು, ಸುಳ್ಳು ನನ್ನದು.

ಗೇಟಿಗೆಂದು ಬಂದವರು ಗೇಟಿನಲ್ಲಿ ನಿಂತದ್ದು ಕಡಿಮೆ. ವಾರದೊಳಗೆ ಅವರ ಸ್ಟೂಲು ಹಾಲಿನ ಬಾಗಿಲಿಗೆ ಬಂತು. ಅಲ್ಲಿಂದ ಗೇಟೂ ಕಾಣುತ್ತಿತ್ತು, ಹಾಲೂ ಕಾಣುತ್ತಿತ್ತು. ಒಂದೊಂದಾಗಿ ಎಲ್ಲದರ ಮೇಲೂ ಅವರಿಗೆ ಅನುಮಾನ ಹುಟ್ಟಿತು. "ಆ ಬೆಂಚಿನ ಮ್ಯಾಲೆ ನಂಗೆ ಡೌಟು ಮೇಡಂ" ಎನ್ನುತ್ತಿದ್ದರು. "ನಾಲ್ಕು ಗಂಟೆ ಮ್ಯಾಲೆ ಡೌಟು." ಮೊದಮೊದಲು ನಾನೂ ಆಯಾ ರತ್ನಮ್ಮನೂ ಇದನ್ನು ಹೇಳಿಕೊಂಡು ನಗುತ್ತಿದ್ದೆವು. ಆಮೇಲೆ ನೋಡಿದರೆ, ನಾಲ್ಕು ಗಂಟೆಯ ಕಾಫಿ ಅಡುಗೆಮನೆಯಿಂದ ಹತ್ತು ನಿಮಿಷ ತಡವಾಗಿ ಬಂದ ದಿನವೇ ಬೈಗುಳ, ಎಳೆದಾಟ. ಮೂರೂಮುಕ್ಕಾಲಿಗೇ ಎಲ್ಲರ ಕೈಗೆ ಒಂದೊಂದು ಬಿಸ್ಕತ್ತು ಕೊಡಿಸುವ ಏರ್ಪಾಟು ಮಾಡಿದರು. ಬಚ್ಚಲಿಗೆ ಹೋಗುವ ಓಣಿಯಲ್ಲಿ ವಾಕರ್ ಹಿಡಿದವರು ಇಬ್ಬರು ಎದುರಾದರೆ ಯಾರೂ ದಾರಿ ಬಿಡುತ್ತಿರಲಿಲ್ಲ. ತಿಂಡಿಯಾದ ಮೇಲೆ ಅಲ್ಲಿ ಹೋಗಿ ನಿಂತು, ಹೋಗುವವರನ್ನೂ ಬರುವವರನ್ನೂ ಪಾಳಿ ಮೇಲೆ ಬಿಡುತ್ತಿದ್ದರು. ಎಲ್ಲರಿಗೂ ಒಂದೇ ಥರದ ಬಿಳಿ ಟವೆಲ್ ಇತ್ತು, ನಿನ್ನದು ನನ್ನದು ಎಂಬ ಜಗಳ ದಿನಕ್ಕೆರಡು. ಮನೆಯಿಂದ ಬಣ್ಣದ ದಾರ ತಂದು ಗೇಟಿನಲ್ಲಿ ಕೂತು ಒಂದೊಂದು ಟವೆಲಿನ ಅಂಚಿಗೂ ಒಂದೊಂದು ಬಣ್ಣದ ಹೊಲಿಗೆ ಹಾಕಿದರು.

ಯಾರಾದರೂ ಕೆರಳಿದರೆ ಅಣ್ಣ ಹಿಂದಿನಿಂದ ಹಿಡಿಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಪಕ್ಕಕ್ಕೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಏನಾದರೊಂದು ಸಹಾಯ ಕೇಳುತ್ತಿದ್ದರು. "ಯಜಮಾನ್ರೇ, ಈ ಬಕೆಟ್ ಚೂರು ಇಡ್ಕೊಂತೀರಾ? ನನ್ನ ಭುಜ ನೋಯ್ತೈತೆ." ಹೊಡೆಯಲು ಎದ್ದವರು ಬಕೆಟ್ ಹಿಡಿದುಕೊಂಡು ನಿಲ್ಲುತ್ತಿದ್ದರು. ಭುಜ ನೋವು ನಿಜವೇ ಆಗಿತ್ತು, ಬಲಗೈ ಪೂರ್ತಿ ಮೇಲೇಳುತ್ತಿರಲಿಲ್ಲ.

ಒಂದು ಸಲ ನಾನು ಕೇಳಿದೆ, "ನಿಮಗೆ ಮುಂಚೇನೇ ಹೇಗೆ ಗೊತ್ತಾಗತ್ತೆ ಅಣ್ಣ?"

"ಬೈಯ್ತಾ ಇರೋವಾಗ ಭಯ ಇಲ್ಲ ಮೇಡಂ. ಬೈತಿದ್ದೋರು ಇದ್ದಕ್ಕಿದ್ದಂಗೆ ಸುಮ್ನಾದ್ರೆ ನಾನು ಕೈ ನೋಡ್ತೀನಿ. ಎಬ್ಬೆಟ್ಟು ಒಳಗೆ ಓಯ್ತು ಅಂದ್ರೆ ಎದ್ದುಬಿಡ್ತೀನಿ."

ಇದನ್ನು ಕೇಳಿ ನನಗೆ ಮೆಚ್ಚುಗೆಯಾಗಬೇಕಿತ್ತು. ಆಗಲಿಲ್ಲ. ಆಸ್ಪತ್ರೆಗಳಲ್ಲಿ, ಆಶ್ರಮಗಳಲ್ಲಿ ಇಪ್ಪತ್ತು ವರ್ಷ ಕಳೆದವಳು ನಾನು. ಮಾತು ಬಾರದ, ನೆನಪಿಲ್ಲದ ಮುದುಕರನ್ನು ಸುಮ್ಮನಿರಿಸುವ ಕೆಲವು ಕೈಚಳಕಗಳನ್ನು ನೋಡಿದ್ದೇನೆ. ಚಿವುಟುವುದು, ಕತ್ತಲೆ ಕೋಣೆಯ ಹೆದರಿಕೆ, ಊಟ ಇಲ್ಲ ಎನ್ನುವುದು. ಇಪ್ಪತ್ತು ವರ್ಷದಲ್ಲಿ ನಮಗ್ಯಾರಿಗೂ ಬಾರದ ವಿದ್ಯೆ ಇವರಿಗೆ ಹೇಗೆ ಬಂತು? ಜಗಳಕ್ಕೆ ಮುಂಚೆ ಯಾವಾಗಲೂ ಅಲ್ಲೇ ಇರುವ ಮನುಷ್ಯ ಜಗಳ ಹಚ್ಚುವವನೂ ಆಗಿರಬಹುದಲ್ಲ?

ಅನುಮಾನಕ್ಕೆ ಮೊದಲು ನೀರೆರೆದವಳು ರತ್ನಮ್ಮ. ಒಂದು ದಿನ ಔಷಧಿ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ಹೇಳಿದಳು, "ಮೇಡಂ, ಪುಟ್ಟಸ್ವಾಮಿ ಯಜಮಾನ್ರು ಅಣ್ಣನ್ನ ಕಂಡ್ರೆ ಎರಡೂ ಕೈ ಮೇಲೆತ್ತಿ ನಿಂತ್ಕೊತಾರೆ. ಕಳ್ಳರು ನಿಂತ್ಕೊಳ್ಳಲ್ವಾ, ಅಂಗೆ."

ಪುಟ್ಟಸ್ವಾಮಿಯವರು ನಮ್ಮಲ್ಲಿ ಎಲ್ಲರಿಗಿಂತ ಎತ್ತರದ, ಎಲ್ಲರಿಗಿಂತ ಗಟ್ಟಿ ಆಳು. ಹೆಂಡತಿ ಇಲ್ಲ, ಮಗಳ ಹೆಸರು ಕೂಡ ಮರೆತಿದ್ದರು. ಕೈ ಮಾತ್ರ ಬೇಗ ಏಳುತ್ತಿತ್ತು, ಅದರಲ್ಲೂ ಮೇಷ್ಟ್ರ ಮೇಲೆ. ಮೇಷ್ಟ್ರು ಎಂದರೆ ನಿವೃತ್ತ ಶಾಲಾ ಶಿಕ್ಷಕರು, ಕಡ್ಡಿಯಂಥ ಮೈ, ನನ್ನನ್ನು ತಾಯೀ ಎಂದು ಕರೆಯುತ್ತಿದ್ದ ಮೆದು ಮಾತಿನವರು. ಅಂಥವರ ಮೇಲೆ ಇವರು ಕೋಲು ಎತ್ತುತ್ತಿದ್ದರೆ ನಮಗೆಲ್ಲ ಮೇಷ್ಟ್ರ ಮೇಲೆ ಕನಿಕರ. ಅಣ್ಣ ಒಬ್ಬರೇ, "ನಂಗೆ ಮೇಷ್ಟ್ರ ಮ್ಯಾಲೇ ಡೌಟು" ಎಂದಿದ್ದರು. ಅದಕ್ಕೂ ನಾವು ನಕ್ಕಿದ್ದೆವು.

ರತ್ನಮ್ಮ ಹೇಳಿದ್ದನ್ನು ಮಾರನೇ ದಿನ ನಾನೇ ಕಂಡೆ. ಅಣ್ಣ ಹಾಲು ದಾಟಿ ಹೋಗುತ್ತಿದ್ದರು. ಪುಟ್ಟಸ್ವಾಮಿಯವರು ಕುರ್ಚಿಯಿಂದ ಎದ್ದು, ಕಾಲು ಅಗಲಿಸಿ, ಎರಡೂ ಕೈ ಎತ್ತಿ, ಕಣ್ಣು ಗೋಡೆಗೆ ನೆಟ್ಟು ನಿಂತರು. ಅಣ್ಣ ನನ್ನ ಕಡೆ ಒಮ್ಮೆ ನೋಡಿ, ಅವರ ಕೈಗಳನ್ನು ಮೆಲ್ಲಗೆ ಇಳಿಸಿ, ಏನೋ ಹೇಳಿ ಮುಂದೆ ಹೋದರು. ಏನು ಹೇಳಿದರೆಂದು ಕೇಳಿಸಲಿಲ್ಲ. ನನ್ನನ್ನು ಕಂಡು ದನಿ ತಗ್ಗಿಸಿದರು ಎಂದೇ ಅನ್ನಿಸಿತು.

ಆ ಭಾನುವಾರ ಪುಟ್ಟಸ್ವಾಮಿಯವರ ಮಗಳು ಜಯಶ್ರೀ ಬಂದರು. ಹೆಬ್ಬಾಳದ ಒಂದು ಲ್ಯಾಬಿನಲ್ಲಿ ಕೆಲಸ, ಮಾತು ಕಡಿಮೆ. ಅಪ್ಪನ ಅಂಗಿ ಬದಲಿಸುತ್ತಿದ್ದವರು ನನ್ನನ್ನು ಕರೆದರು. ಎಡ ರಟ್ಟೆಯ ಮೇಲೆ ಹಸಿರುಗಟ್ಟಿದ ಕಲೆ, ಅದರ ಪಕ್ಕ ಹೊಸದೊಂದು ಕೆಂಪು. ಅದೇ ಹೊತ್ತಿಗೆ ಅಣ್ಣ ಬಾಗಿಲಲ್ಲಿ ಹಾದುಹೋದರು. ಪುಟ್ಟಸ್ವಾಮಿಯವರ ಕೈ ತಾನಾಗಿ ಮೇಲೆದ್ದಿತು.

ಜಯಶ್ರೀ ಅಪ್ಪನ ಕೈಗಳನ್ನು ಹಿಡಿದು ಇಳಿಸಿದರು. "ಸಿಸ್ಟರ್, ನಮ್ಮಪ್ಪ ಯಾರ ಮುಂದೇನೂ ಹೀಗೆ ನಿಂತೋರಲ್ಲ. ಇಲ್ಲಿ ಇವರಿಗೆ ಏನ್ ಮಾಡ್ತಿದೀರ?"

"ವಿಚಾರಿಸ್ತೀನಿ."

"ಇನ್ನೊಂದು ಭಾನುವಾರದವರೆಗೆ ವಿಚಾರಿಸಿ. ಆಮೇಲೆ ನಾನು ಸ್ಟೇಷನ್ನಿಗೆ ಹೋಗ್ತೀನಿ."

ಅವತ್ತು ಸಂಜೆ ಆರಕ್ಕೆ ಅಣ್ಣ ಮನೆಗೆ ಹೊರಟಾಗ ನಾನು ಗೇಟಿನಲ್ಲಿ ನಿಂತಿದ್ದೆ. "ಬ್ಯಾಗ್ ತೋರ್ಸಿ" ಎಂದೆ. ಏನು ಸಿಗುತ್ತದೆಂದುಕೊಂಡಿದ್ದೆನೋ, ಒಂದು ಬೆತ್ತ, ಒಂದು ಸೂಜಿ, ಹೆದರಿಸುವಂಥದ್ದು ಏನಾದರೂ. ಅವರು ಏಕೆ ಎಂದು ಕೇಳಲಿಲ್ಲ. ಬ್ಯಾಗನ್ನು ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಒಂದು ಟವೆಲು, ದಾರದ ಉಂಡೆಗಳು, ಬಸ್ ಪಾಸು, ಊಟದ ಡಬ್ಬಿ. ನಾನು ಜಿಪ್ ಎಳೆದೆ.

"ಸರಿಯಾಗಿ ನೋಡ್ಲಿಲ್ಲ ನೀವು" ಎಂದರು. "ಡಬ್ಬಿ ಬಿಚ್ಚಲಿಲ್ಲ. ಕದಿಯೋರು ಡಬ್ಬೀಲೇ ಇಡೋದು." ಅವರೇ ಡಬ್ಬಿ ಬಿಚ್ಚಿ, ಮಗುಚಿ, ತಳ ತೋರಿಸಿ, ಮತ್ತೆ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು. ಬೇಸರ ಮಾಡಿಕೊಂಡರೋ, ನನಗೆ ಕೆಲಸ ಕಲಿಸಿದರೋ, ಮುಖದಲ್ಲಿ ಗೊತ್ತಾಗಲಿಲ್ಲ.

ಹಾಲಿನಲ್ಲೂ ಓಣಿಯಲ್ಲೂ ಕ್ಯಾಮೆರಾ ಇದ್ದವು. ದಿನವೂ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಆಫೀಸಿನಲ್ಲಿ ಕೂತು ಹಿಂದಿನ ಎರಡು ವಾರದ್ದನ್ನು ಓಡಿಸಿ ನೋಡಿದೆ. ಮೂರನೇ ದಿನ ಸಿಕ್ಕಿತು. ಬೆಳಗಿನ ಹೊತ್ತು, ಕಿಟಕಿ ಪಕ್ಕದ ಬೆಂಚು. ಪುಟ್ಟಸ್ವಾಮಿಯವರು ಕೂತಿದ್ದಾರೆ. ಮೇಷ್ಟ್ರು ನಿಧಾನವಾಗಿ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಸುತ್ತ ನೋಡುತ್ತಾರೆ. ಆಮೇಲೆ ಬಗ್ಗಿ, ಹಿಂದಿನ ಕಾಲದ ಮೇಷ್ಟ್ರುಗಳು ತರಗತಿಯಲ್ಲಿ ಮಾಡುತ್ತಿದ್ದಂತೆ, ಪುಟ್ಟಸ್ವಾಮಿಯವರ ರಟ್ಟೆಯ ಒಳಮಾಂಸ ಹಿಡಿದು ತಿರುಚುತ್ತಾರೆ. ಆ ಬೆಂಚು ತಮ್ಮದು ಎಂದು ಅವರ ಲೆಕ್ಕ. ಒಂದು ದಿನವಲ್ಲ, ಹುಡುಕಿದ ಪ್ರತಿ ಬೆಳಿಗ್ಗೆಯೂ ಇತ್ತು. ಇಷ್ಟು ದಿನ ನಾವು ಕಂಡದ್ದು ಅದರ ನಂತರದ್ದನ್ನು ಮಾತ್ರ, ಪುಟ್ಟಸ್ವಾಮಿಯವರು ಕೋಲು ಎತ್ತುವುದನ್ನು.

ಕೋಲು ಮೇಲೆದ್ದಾಗ ಅಣ್ಣ ಚಿತ್ರದೊಳಕ್ಕೆ ಬರುತ್ತಾರೆ. ದೂರದಲ್ಲಿ ನಿಂತು ಒಂದೇ ಒಂದು ಮಾತು ಹೇಳುತ್ತಾರೆ. ಪುಟ್ಟಸ್ವಾಮಿಯವರು ಕೋಲು ಕೆಳಗೆ ಹಾಕಿ, ತಿರುಗಿ, ಕೈ ಎತ್ತಿ ನಿಲ್ಲುತ್ತಾರೆ. ಅಣ್ಣ ಹತ್ತಿರ ಹೋಗಿ ಅವರ ಪಕ್ಕೆ, ಸೊಂಟ, ಜೇಬು, ಕಾಲು ತಡವುತ್ತಾರೆ. ಆಮೇಲೆ ಬೆನ್ನಿನ ಮೇಲೆ ಎರಡು ಸಲ ತಟ್ಟುತ್ತಾರೆ. ಪುಟ್ಟಸ್ವಾಮಿಯವರು ಮನೆಗೆ ಹೊರಟವರಂತೆ ಸಮಾಧಾನವಾಗಿ ತಮ್ಮ ಕೋಣೆಯ ಕಡೆ ನಡೆಯುತ್ತಾರೆ.

ಅಣ್ಣನನ್ನು ಕರೆಸಿ ಪರದೆ ತೋರಿಸಿದೆ. "ಇಲ್ಲಿ ಏನಂದ್ರಿ?"

"ಶಿಫ್ಟ್ ಮುಗೀತು, ಚೆಕಿಂಗ್ ಅಂದೆ."

ಆಗ ಪೂರ್ತಿ ಹೇಳಿದರು. ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಅವರು ಇಪ್ಪತ್ತಾರು ವರ್ಷ ಇದ್ದರು. ಪಾಳಿ ಮುಗಿಸಿ ಹೊರಗೆ ಹೋಗುವ ಕೆಲಸಗಾರರ ಮೈ ತಡವಿ ಬಿಡುವುದು ಕೆಲಸ. ಪುಟ್ಟಸ್ವಾಮಿಯವರು ಅಲ್ಲೇ ಲೇತ್ ಯಂತ್ರದಲ್ಲಿ ಕೆಲಸಕ್ಕಿದ್ದವರು. "ಎಸರು ಗೊತ್ತಿರಲಿಲ್ಲ ಮೇಡಂ. ಸಾವಿರಾರು ಜನ. ಒಂದಿನ ಇವ್ರು ಕೋಲೆತ್ತಿದ್ರು, ನಂಗೇನೂ ತೋಚದೆ ಬಾಯಿಗೆ ಹಳೇ ಮಾತು ಬಂತು. ಕೈ ಎತ್ತಿಬಿಟ್ರು. ಆಗ ಗೊತ್ತಾತು, ನಮ್ಮ ಗೇಟಿನೋರು ಅಂತ."

"ನನಗೆ ಯಾಕೆ ಹೇಳ್ಲಿಲ್ಲ?"

ಅವರು ನನ್ನ ಕೈಯನ್ನು ನೋಡಿದರು, ಎಂದಿನಂತೆ. "ನೀವು ಬಿದ್ರು ಅಂತ ಬರೆಯೋರು. ಬಿದ್ರು ಅಂತ ಬರೆದ್ರೆ ಬಚ್ಚಲಿಗೆ ಮ್ಯಾಟ್ ಹಾಕಿಸ್ತೀರ. ಜಗಳಕ್ಕೆ ಏನ್ ಮಾಡ್ತೀರ? ನಿಮ್ಮತ್ರ ಏನ್ ಹೇಳೋದು ಅಂತ ನಂಗೂ ಡೌಟಿತ್ತು."

ಅವತ್ತೇ ಮೇಷ್ಟ್ರಿಗೆ ಎದುರು ಗೋಡೆಯ ಪಕ್ಕ ಅವರದೇ ಒಂದು ಕುರ್ಚಿ, ಒಂದು ಸಣ್ಣ ಮೇಜು ಹಾಕಿಸಿದೆವು. ಮೇಷ್ಟ್ರು ಅಲ್ಲಿಂದಲೇ ತರಗತಿಯನ್ನು ನೋಡುವವರಂತೆ ಹಾಲನ್ನು ನೋಡುತ್ತ ಕೂರುತ್ತಿದ್ದರು. ಕಿಟಕಿ ಬೆಂಚಿನ ಆಸೆ ಮಾತ್ರ ಪೂರ್ತಿ ಹೋಗಲಿಲ್ಲ.

ಭಾನುವಾರ ಜಯಶ್ರೀಗೆ ಎಲ್ಲ ತೋರಿಸಿದೆ. ಕಲೆಗಳ ಕಾರಣ ತಿಳಿದು ಅವರ ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದೆ. ಮೇಷ್ಟ್ರು ಚಿವುಟುವುದನ್ನು ನೋಡಿ ಅವರು ನಿಟ್ಟುಸಿರು ಬಿಟ್ಟರು, ಅಷ್ಟೇ. ಅಣ್ಣ ಮೈ ತಡವುವುದನ್ನು ಮಾತ್ರ ಮತ್ತೊಮ್ಮೆ ಹಾಕಿಸಿ ನೋಡಿದರು.

"ಇವರು ಆ ಗೇಟಿನಲ್ಲಿದ್ರಾ?"

"ಹೌದಂತೆ."

"ನಾನು ಏಳನೇ ಕ್ಲಾಸಲ್ಲಿದ್ದೆ. ಅಪ್ಪನ ಟಿಫನ್ ಕ್ಯಾರಿಯರಲ್ಲಿ ಒಂದು ಹಿತ್ತಾಳೆ ತುಂಡು ಸಿಕ್ತು ಅಂತ ಗೇಟಲ್ಲಿ ಹಿಡಿದ್ರು. ಆರು ತಿಂಗಳು ಸಸ್ಪೆಂಡು. ನಾನಿಟ್ಟಿಲ್ಲ, ಯಾರೋ ಇಟ್ಟಿದಾರೆ ಅಂತ ಅಪ್ಪ ಅಮ್ಮನ ಹತ್ರ ಒಂದೇ ಸಲ ಹೇಳಿದ್ದು. ಆಮೇಲೆ ಮಾತೇ ಇಲ್ಲ. ಕೆಲಸಕ್ಕೆ ವಾಪಸ್ ಹೋದ್ಮೇಲೂ ಡಬ್ಬಿ ತಗೊಂಡು ಹೋಗ್ಲಿಲ್ಲ. ರಿಟೈರಾಗೋವರೆಗೂ ಮಧ್ಯಾಹ್ನ ಊಟ ಮಾಡ್ಲಿಲ್ಲ ಅವರು." ಅವರ ದನಿ ಏರಲಿಲ್ಲ. "ಅವತ್ತು ಹಿಡಿದೋರು ಯಾರು ಅಂತ ಇವರನ್ನ ಕೇಳಿ ಸಿಸ್ಟರ್. ಇಟ್ಟೋರು ಯಾರು ಅಂತಾನೂ ಕೇಳಿ."

ಕೇಳಿದೆ. ಗೇಟಿನ ಹತ್ತಿರ, ಅವರೊಬ್ಬರೇ ಇದ್ದಾಗ. ಅಣ್ಣ ರಸ್ತೆಯ ಕಡೆ ತಿರುಗಿದರು.

"ಡಬ್ಬೀಲಿ ಹಿತ್ತಾಳೆ ಅಂತ ಬೇಕಾದಷ್ಟು ಜನಾನ ಹಿಡಿದಿದೀನಿ" ಎಂದರು. "ಇವ್ರು ಅವ್ರಲ್ಲಿ ಇದ್ರೋ ಇಲ್ವೋ, ಗ್ಯಾಪಕ ಇಲ್ಲ."

"ಇಟ್ಟು ಹಿಡಿಯೋದೂ ನಡೀತಿತ್ತಾ?"

"ನಡೀತಿತ್ತು."

"ನೀವು?"

ಅದಕ್ಕೆ ಅವರು ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಸೆಕ್ಯುರಿಟಿ ಟೋಪಿ ತೆಗೆದು ತಲೆ ಒರೆಸಿಕೊಂಡರು. ಮೊದಲ ಸಲ ನಾನು ಅವರ ಕೈಗಳನ್ನು ನೋಡಿದೆ. ಟೋಪಿಯ ಅಂಚನ್ನು ಹಿಡಿದು ಸುಮ್ಮನೆ ತಿರುಗಿಸುತ್ತಿದ್ದವು. ಅವರಂತೆ ಓದುವುದಕ್ಕೆ ನನಗೆ ಬರುತ್ತಿರಲಿಲ್ಲ. ಕೊನೆಗೆ, "ಇನ್ಮ್ಯಾಲೆ ಆ ಮಾತು ಆಡಲ್ಲ ಮೇಡಂ" ಎಂದು ಒಳಗೆ ಹೋದರು.

ಆಡಲಿಲ್ಲ. ಪುಟ್ಟಸ್ವಾಮಿಯವರ ಎದುರಿಗೆ ಆ ಟೋಪಿ ತೊಡುವುದನ್ನೂ ಬಿಟ್ಟರು. ಎರಡು ವಾರ ಬಿಸ್ಕತ್ತು, ಬಕೆಟ್ಟು, ಬಾಗಿಲು ಹಿಡಿದುಕೊಳ್ಳಿ ಎನ್ನುವುದರಲ್ಲೇ ದಿನ ತಳ್ಳಿದೆವು. ನನಗೆ ಒಳಗೊಳಗೇ ಇನ್ನೊಂದು ಅನುಮಾನ. ತಪ್ಪಿಲ್ಲದಿದ್ದರೆ ಇವರು ಯಾಕೆ ನಿಲ್ಲಿಸಬೇಕಿತ್ತು?

ಮೂರನೇ ಭಾನುವಾರ ಜಯಶ್ರೀ ಬಂದಿದ್ದರು. ಅಪ್ಪನಿಗೆ ಬಾಳೆಹಣ್ಣು ಸುಲಿದು ಕೊಟ್ಟು, ಸಿಪ್ಪೆ ಹಾಕಲು ಹಿತ್ತಲಿಗೆ ಹೋದರು. ಅಷ್ಟೇ ಹೊತ್ತು. ಮೇಷ್ಟ್ರು ತಮ್ಮ ಕುರ್ಚಿಯಿಂದ ಎದ್ದು ಬಂದು ಕಿಟಕಿ ಬೆಂಚಿನ ತುದಿಯಲ್ಲಿ ಕೂತರು, ಹಳೆಯ ಅಭ್ಯಾಸಕ್ಕೆ ಕೈ ಚಾಚಿದರು. ನಾನು ಔಷಧಿ ಟ್ರೇ ಹಿಡಿದು ಹಾಲಿನ ಇನ್ನೊಂದು ತುದಿಯಲ್ಲಿದ್ದೆ. ಪುಟ್ಟಸ್ವಾಮಿಯವರು ಎದ್ದು ನಿಂತದ್ದು ಕಂಡಿತು, ಅವರ ಕೈಯಲ್ಲಿ ನೀರಿನ ಸ್ಟೀಲ್ ಜಗ್ಗು. ತುಂಬಿದ ಜಗ್ಗು. ಅದು ಮೇಷ್ಟ್ರ ತಲೆಯ ಮೇಲೆ ಬಿದ್ದಿದ್ದರೆ ನಾನು ಇವತ್ತು ಈ ಕೆಲಸದಲ್ಲಿ ಇರುತ್ತಿರಲಿಲ್ಲ, ಮೇಷ್ಟ್ರೂ ಇರುತ್ತಿರಲಿಲ್ಲ.

ಅಣ್ಣ ಸ್ಟೂಲಿನಿಂದ ಎದ್ದು ಬಂದರು. ಯಾವತ್ತೂ ಪಕ್ಕದಲ್ಲಿ ನಿಲ್ಲುವವರು ಅವತ್ತು ನೇರ ಎದುರಿಗೆ, ಜಗ್ಗಿಗೂ ಮೇಷ್ಟ್ರಿಗೂ ನಡುವೆ ಬಂದು ನಿಂತರು. ನಿಂತು, ತಾವೇ ಎರಡೂ ಕೈ ಮೇಲೆತ್ತಿದರು. ನೋವಿನ ಬಲಗೈ ಅರ್ಧಕ್ಕೇ ನಿಂತಿತು, ಎಡಗೈಯಿಂದ ಅದನ್ನು ಎತ್ತಿ ಸರಿಮಾಡಿಕೊಂಡರು.

"ಯಜಮಾನ್ರೇ, ಶಿಫ್ಟ್ ಮುಗೀತು. ನನ್ನ ಚೆಕ್ ಮಾಡಿ."

ಪುಟ್ಟಸ್ವಾಮಿಯವರು ಅವರನ್ನು ನೋಡಿದರು. ಜಗ್ಗು ನಿಧಾನವಾಗಿ ಇಳಿಯಿತು, ಬೆಂಚಿನ ಮೇಲೆ ಕೂತಿತು. ಆಮೇಲೆ ಅವರು ಅಣ್ಣನ ಕಾಲರ್ ಹಿಡಿದು ಒಳಗೆ ಬೆರಳು ಹಾಕಿ ನೋಡಿದರು. ಪಕ್ಕೆ ತಡವಿದರು. ಜೇಬಿನಿಂದ ಬಸ್ ಪಾಸು, ಕನ್ನಡಕದ ಡಬ್ಬಿ, ಎರಡು ಅಡಿಕೆ ಚೂರು ತೆಗೆದು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಮತ್ತೆ ಜೇಬಿಗೇ ಹಾಕಿದರು. ಮಂಡಿಯವರೆಗೆ ಬಂದವರು ಎಲ್ಲಿಯವರೆಗೆ ನೋಡಿದ್ದೆನೆಂದು ಮರೆತು ಮತ್ತೆ ಕಾಲರಿನಿಂದ ಶುರುಮಾಡಿದರು. ಮತ್ತೆ ಮರೆತರು, ಮತ್ತೆ ಕಾಲರಿನಿಂದ. ನಾನು ಮುಂದೆ ಹೋಗಲು ನೋಡಿದೆ. ಅಣ್ಣ ಕಣ್ಣಲ್ಲೇ ಬೇಡ ಎಂದರು. ಅವರ ಬಲ ತೋಳು ನಡುಗುತ್ತಿತ್ತು, ಹಣೆಯಲ್ಲಿ ಬೆವರು. ಕೈ ಮಾತ್ರ ಇಳಿಸಲಿಲ್ಲ.

ಹಿತ್ತಲ ಬಾಗಿಲಲ್ಲಿ ಜಯಶ್ರೀ ಬಂದು ನಿಂತಿದ್ದರು. ಕೊನೆಗೆ ಪುಟ್ಟಸ್ವಾಮಿಯವರು ಅಣ್ಣನ ಬೆನ್ನ ಮೇಲೆ ಎರಡು ಸಲ ತಟ್ಟಿ, "ಏನಿಲ್ಲ, ಹೋಗು" ಎಂದರು. ನಾವು ಆ ವರ್ಷ ಅವರ ಬಾಯಿಂದ ಕೇಳಿದ ಅತಿ ಸ್ಪಷ್ಟವಾದ ಮಾತು ಅದು. ಅಣ್ಣ ಕೈ ಇಳಿಸಿ, ಮೇಷ್ಟ್ರನ್ನು ಎಬ್ಬಿಸಿಕೊಂಡು ಅವರ ಕುರ್ಚಿಗೆ ಕರೆದುಕೊಂಡು ಹೋದರು.

ಅವತ್ತು ವರದಿ ಪುಸ್ತಕದಲ್ಲಿ ನಾನು ನಡೆದದ್ದನ್ನು ನಡೆದ ಹಾಗೆ ಬರೆದೆ. ಯಾರು ಕೈ ಮಾಡಿದರು, ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮುಂಚೆ ಏನಾಗಿತ್ತು. ಮಣಿಕಟ್ಟು ಮುರಿದುಕೊಂಡ ಅಜ್ಜಿಯ ಮಗನಿಗೂ ಫೋನ್ ಮಾಡಿ ನಿಜ ಹೇಳಿದೆ. ಅವರು ಆ ವಾರವೇ ತಾಯಿಯನ್ನು ಕರೆದುಕೊಂಡು ಹೋದರು. ಹೋಗುವಾಗ ಬೈದರು, ಬೈಯುವ ಹಕ್ಕು ಅವರಿಗಿತ್ತು. ಮಾಲೀಕರೂ ಬೈದರು. ಅಣ್ಣ ಪುಸ್ತಕವನ್ನು ತರಿಸಿಕೊಂಡು ಓದಿ, "ಈಗ ಬೆಂಚನ್ನೇ ಎತ್ತಿಸಿಬಿಡಿ" ಎಂದರು. ಎತ್ತಿಸಿದೆವು.

ಆಮೇಲೆ ಮೂರು ವರ್ಷ ಪುಟ್ಟಸ್ವಾಮಿಯವರು ಅಣ್ಣನ ಮೈ ತಡವಿದರು, ಕೆಲವು ದಿನ ಎರಡು ಮೂರು ಸಲ. ಆಶ್ರಮದಲ್ಲಿ ಜಗಳ ನಿಂತಿತು ಎಂದರೆ ಸುಳ್ಳಾಗುತ್ತದೆ. ಬೈಗುಳ ಇತ್ತು, ತಳ್ಳಾಟವೂ ಆಗೊಮ್ಮೆ ಈಗೊಮ್ಮೆ. ಮೂಳೆ ಮುರಿಯುವಂಥದ್ದು ಮತ್ತೆ ಆಗಲಿಲ್ಲ. ಹೊಸಬರನ್ನು ಸೇರಿಸುವಾಗ ಮನೆಯವರಿಗೆ ಅಣ್ಣ ನನ್ನಿಂದ ಒಂದೇ ಪ್ರಶ್ನೆ ಕೇಳಿಸುತ್ತಿದ್ದರು, ಇವರಿಗೆ ಸಿಟ್ಟು ಯಾವಾಗ ಬರುತ್ತದೆ ಎಂದು. ನಮ್ಮಮ್ಮ ತುಂಬ ಸಾಧು ಎಂದು ಮನೆಯವರು ಹೇಳಿದರೆ ನನ್ನ ಕಡೆ ತಿರುಗಿ ಹುಬ್ಬು ಏರಿಸುತ್ತಿದ್ದರು. ಆಮೇಲೆ ಅಣ್ಣನ ಮಂಡಿ ಕೈಕೊಟ್ಟಿತು, ಬಸ್ ಹತ್ತಲಾಗದೆ ಕೆಲಸ ಬಿಟ್ಟರು. ಬಿಡುವ ದಿನ ನಾನು ಸಿಹಿ ತರಿಸಿದ್ದೆ. ತಿನ್ನುವ ಮುಂಚೆ, "ಹೊಸ ಸೆಕ್ಯುರಿಟಿ ಮುಖ ನೋಡಿ ಮಾತಾಡ್ತಾನೆ ಮೇಡಂ, ನಂಗೆ ಯಾಕೋ ಡೌಟು" ಎಂದರು.

ತೀರಿಕೊಂಡ ಸುದ್ದಿ ಬಂದಾಗ ಜಯಶ್ರೀಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ ಕೊನೆಗೆ ಹೇಳಿದೆ. "ನಾನೂ ಬರ್ತೀನಿ" ಎಂದರು. ಅವರ ಕಾರಿನಲ್ಲೇ ಹೋದೆವು. ಮಾಕಳಿಯ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಅಣ್ಣನ ಹೆಂಡತಿ ಗೋಡೆಗೊರಗಿ ಕೂತಿದ್ದರು. ಜಯಶ್ರೀ ಆಕೆಯ ಪಕ್ಕ ಕೂತು, ತಾವು ಪುಟ್ಟಸ್ವಾಮಿಯವರ ಮಗಳು ಎಂದರು. ಆಕೆಗೆ ಆ ಹೆಸರಿನಿಂದ ಏನೂ ಗೊತ್ತಾಗಲಿಲ್ಲ.

"ಫ್ಯಾಕ್ಟ್ರಿ ವಿಷಯ ಮನೇಲಿ ಮಾತಾಡ್ತಿದ್ರಾ ಅಮ್ಮಾ?" ಎಂದು ಜಯಶ್ರೀ ಕೇಳಿದರು.

"ಇಲ್ಲ ಕಣವ್ವ. ಎಂದೂ ಆಡ್ಲಿಲ್ಲ."

ವಾಪಸ್ ಬರುವಾಗ ಕಾರು ನಾಗಸಂದ್ರ ದಾಟಿತು. ಆಮೇಲೆ ಜಯಶ್ರೀ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, "ಅವರೇ ಸಿಸ್ಟರ್" ಎಂದರು. "ಹಿಡಿದೋರೂ ಅವರೇ, ಇಟ್ಟೋರೂ ಅವರೇ. ಅಲ್ಲದಿದ್ರೆ ಅಷ್ಟು ಹೊತ್ತು, ಆ ಭುಜ ಇಟ್ಕೊಂಡು, ಮೂರು ವರ್ಷ ಯಾರು ನಿಂತ್ಕೊತಾರೆ?"

"ಏನೂ ಮಾಡದೋರೂ ನಿಂತ್ಕೋಬಹುದು" ಎಂದೆ.

ಅವರು ನಂಬಲಿಲ್ಲ. ನಾನೂ ಪೂರ್ತಿ ನಂಬಿ ಹೇಳಿರಲಿಲ್ಲ.